ಯೀಸ್ಟ್ ಪ್ರೋಟೀನ್

ಸಕ್ಕರೆಯ ದ್ರವದಲ್ಲಿ ಯೀಸ್ಟ್ ಬೆಳೆಸಿ, ಅದರ ಕೋಶಗಳಿಂದ ಪಡೆಯುವ ಆಹಾರ ಪ್ರೋಟೀನ್. ಒಣ ಯೀಸ್ಟಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಪ್ರೋಟೀನೇ. ಅಕ್ಕಿಯಲ್ಲಿ ಕೊರತೆ ಬೀಳುವ ಲೈಸಿನ್ ಎಂಬ ಅಮೈನೋ ಆಮ್ಲ ಇದರಲ್ಲಿ ಧಾರಾಳ. ಅನ್ನವೇ ಮುಖ್ಯವಾದ ಕರಾವಳಿಯ ಊಟಕ್ಕೆ ಹೇಳಿ ಮಾಡಿಸಿದ ಜೋಡಿ.

ಮಂಗಳೂರಿನ ಅಡುಗೆಮನೆಗೆ ಯೀಸ್ಟ್ ಬಂದದ್ದು ಶೇಂದಿಯ ಜೊತೆ. ತುಳುವಿನಲ್ಲಿ ಅದು ಕಳಿ. ನೆನೆಸಿ ರುಬ್ಬಿದ ಅಕ್ಕಿ-ಉದ್ದಿನ ಹಿಟ್ಟಿಗೆ ಕಳಿ ಬೆರೆಸಿಟ್ಟರೆ ಹಿಟ್ಟು ಪಾತ್ರೆಯ ಅಂಚಿಗೇರುತ್ತದೆ. ಸೌಟು ಇಳಿಸಿದರೆ ಗುಳ್ಳೆಗಳೊಡೆದು ಹುಳಿ-ಸಿಹಿ ವಾಸನೆ ಏಳುತ್ತದೆ. ಬಟ್ಟಲಿಗೆ ಹೊಯ್ದು ಹಬೆಯಲ್ಲಿ ಬೇಯಿಸಿದರೆ ಸನ್ನ. ಕ್ರೈಸ್ತರ ಮನೆಗಳಲ್ಲಿ ಹಂದಿಮಾಂಸದ ಬಫಾತಿಗೆ ಇದೇ ಜೊತೆ. ಆದರೆ ಸನ್ನದ ಪ್ರೋಟೀನ್ ಬರುವುದು ಅಕ್ಕಿ, ಉದ್ದಿನಿಂದ. ಯೀಸ್ಟ್ ಅಲ್ಲಿ ಹಿಟ್ಟನ್ನು ಉಬ್ಬಿಸುತ್ತದೆ, ಅಷ್ಟೆ.

ಯೀಸ್ಟನ್ನೇ ಬೆಳೆಯಾಗಿ ತೆಗೆಯಬೇಕಾದರೆ ಗಾಳಿ ಬೇಕು. ಮುಚ್ಚಿದ ಮಡಕೆಯಲ್ಲಿ ಅದು ಸಕ್ಕರೆಯನ್ನು ಮದ್ಯವಾಗಿಸುತ್ತದೆ. ಗಾಳಿ ಊದುತ್ತ, ಸಕ್ಕರೆಯನ್ನು ಸ್ವಲ್ಪಸ್ವಲ್ಪವೇ ಉಣಿಸಿದರೆ ಅದೇ ಸಕ್ಕರೆಯಿಂದ ಹೊಸ ಕೋಶಗಳು ಹುಟ್ಟುತ್ತವೆ. ಒಮ್ಮೆಲೇ ಸುರಿದರೆ ಗಾಳಿಯಿದ್ದರೂ ಮದ್ಯದ ಕಡೆಗೇ ಹೊರಳುತ್ತದೆ. ಮೊದಲ ಮಹಾಯುದ್ಧದಲ್ಲಿ ಆಹಾರಕ್ಕೆ ತತ್ವಾರವಾದ ಜರ್ಮನಿ ಕಾಕಂಬಿಯ ಮೇಲೆ ಹೀಗೆ ಯೀಸ್ಟ್ ಬೆಳೆಸಿತು.

ಮಂಗಳೂರಿನ ಸುತ್ತ ಇದಕ್ಕೊಪ್ಪುವ ಕಚ್ಚಾವಸ್ತು ಗೇರುಹಣ್ಣು. ಕಾರ್ಖಾನೆಗೆ ಬೀಜ ಹೋಗುತ್ತದೆ. ಬೀಜದ ಹಲವು ಪಟ್ಟು ತೂಗುವ ಹಣ್ಣು ಬಹುಪಾಲು ಗುಡ್ಡದಲ್ಲೇ ಕೊಳೆಯುತ್ತದೆ. ಅದರ ರಸದಲ್ಲಿ ಶೇಕಡಾ 10ರ ಆಸುಪಾಸು ಸಕ್ಕರೆ ಇದೆ. ಆ ಲೆಕ್ಕದಲ್ಲಿ 100 ಲೀಟರ್ ರಸದ 10 ಕಿಲೋ ಸಕ್ಕರೆಯಿಂದ ಹೆಚ್ಚೆಂದರೆ 5 ಕಿಲೋ ಒಣ ಯೀಸ್ಟ್, ಅಂದರೆ ಸುಮಾರು ಎರಡೂವರೆ ಕಿಲೋ ಪ್ರೋಟೀನ್ ಸಿಗಬಹುದು. ಸಾರಜನಕವನ್ನು ಅಮೋನಿಯಾ ಲವಣವಾಗಿ ಸೇರಿಸಬೇಕು. ಹಣ್ಣಿನ ಕಾಲ ಕೆಲವೇ ತಿಂಗಳು, ಬಿದ್ದ ಹಣ್ಣು ಬೇಗ ಕೆಡುತ್ತದೆ: ನಿಜವಾದ ತೊಡಕು ಇದೇ. ಇಷ್ಟು ಸಕ್ಕರೆ ವರ್ಷವರ್ಷವೂ ಮಣ್ಣುಪಾಲಾಗುವುದು ದೊಡ್ಡ ನಷ್ಟ.

ಇಡೀ ಯೀಸ್ಟನ್ನು ಬೇಳೆಯಂತೆ ದಿನವೂ ಉಣ್ಣಲಾಗದು. ಅದರಲ್ಲಿ ನ್ಯೂಕ್ಲಿಯಿಕ್ ಆಮ್ಲ, ಮುಖ್ಯವಾಗಿ ಆರ್‌ಎನ್‌ಎ, ಹೆಚ್ಚು. ಒಣ ತೂಕದ ಶೇಕಡಾ 6ರಿಂದ 12ರವರೆಗೆ. ದೇಹದಲ್ಲಿ ಅದು ಯೂರಿಕ್ ಆಮ್ಲವಾಗಿ ಗೌಟ್, ಮೂತ್ರಪಿಂಡದ ಕಲ್ಲುಗಳಿಗೆ ದಾರಿಯಾಗುತ್ತದೆ. ಹಾಗಾಗಿ ವಯಸ್ಕರಿಗೆ ಇಂಥ ಮೂಲದಿಂದ ದಿನಕ್ಕೆ 2 ಗ್ರಾಂ ನ್ಯೂಕ್ಲಿಯಿಕ್ ಆಮ್ಲವೇ ಮಿತಿ ಎಂದು ವಿಶ್ವಸಂಸ್ಥೆಯ ಪ್ರೋಟೀನ್ ಸಲಹಾ ಮಂಡಳಿ ಸೂಚಿಸಿತ್ತು. ಕೋಶಭಿತ್ತಿ ಒಡೆದು, ಬಿಸಿಯಿಂದಲೋ ಕಿಣ್ವದಿಂದಲೋ ಆರ್‌ಎನ್‌ಎ ಕಳೆದು, ಪ್ರೋಟೀನನ್ನು ಆಮ್ಲದಲ್ಲಿ ಗರಣೆಗಟ್ಟಿಸಿ ಒಣಗಿಸುವುದು ಇದಕ್ಕಾಗಿಯೇ.

ಮೀನಿಗೆ ಈ ಕಷ್ಟವಿಲ್ಲ. ಯೂರಿಕ್ ಆಮ್ಲವನ್ನು ಒಡೆಯುವ ಯೂರಿಕೇಸ್ ಕಿಣ್ವ ಮನುಷ್ಯನಲ್ಲಿ ಇಲ್ಲ, ಮೀನಿನಲ್ಲಿದೆ. ಆದ್ದರಿಂದ ಮೀನು, ಸಿಗಡಿಗಳ ಮೇವಿನಲ್ಲಿ ಯೀಸ್ಟ್ ಈಗಾಗಲೇ ಬಳಕೆಯಲ್ಲಿದೆ. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾದ ಮಂಗಳೂರಿಗೆ ಅದು ಹತ್ತಿರದ ವಿಷಯ. ಮೇವಿನ ಮೀನುಪುಡಿಗೆಂದು ಇಲ್ಲಿ ಅರೆಯುವ ಬೂತಾಯಿ, ಊಟದ ತಟ್ಟೆಯಲ್ಲಿರಬೇಕಾದ ಮೀನು. ಪುಡಿಯ ಒಂದು ಪಾಲನ್ನು ಯೀಸ್ಟ್ ತುಂಬಿದರೆ ಅಷ್ಟು ಬೂತಾಯಿ ಮಾರುಕಟ್ಟೆಯ ಬುಟ್ಟಿಗೆ ಉಳಿಯುತ್ತದೆ.