ಜೆರಾಕ್ಸ್ ಅಂಗಡಿಯ ಮುಂದೆ ಚರಿತ್ರೆ

ಪುಸ್ತಕ ನಕಲು ಮಾಡೋದು ಕಳ್ಳತನವೇ? ಗೆಳೆಯರೆ, ಚರಿತ್ರೆ ಇದಕ್ಕೆ ಒಂದೇ ಉತ್ತರ ಕೊಟ್ಟಿಲ್ಲ. ಯಾವ ದೇಶ, ಯಾವ ಕಾಲ, ಯಾರ ಪುಸ್ತಕ ಅನ್ನೋದರ ಮೇಲೆ ಕಳ್ಳ ಯಾರು ಅನ್ನೋದೂ ಬದಲಾಗಿದೆ.

ಅಮೆರಿಕಾವನ್ನೇ ನೋಡಿ. 1790ರ ಅದರ ಮೊದಲ ಕಾಪಿರೈಟ್ ಕಾಯಿದೆ ರಕ್ಷಣೆ ಕೊಟ್ಟದ್ದು ಅಲ್ಲಿನ ನಾಗರಿಕರಿಗೆ, ಅಲ್ಲಿ ನೆಲೆಸಿದವರಿಗೆ ಮಾತ್ರ. ಇಂಗ್ಲೆಂಡಿನ ಲೇಖಕರ ಪುಸ್ತಕಗಳನ್ನು ಅಲ್ಲಿನ ಪ್ರಕಾಶಕರು ಹೇಳದೆ ಕೇಳದೆ ಅಚ್ಚು ಹಾಕಿ ಅಗ್ಗಕ್ಕೆ ಮಾರಬಹುದಿತ್ತು. 1842ರಲ್ಲಿ ಚಾರ್ಲ್ಸ್ ಡಿಕನ್ಸ್ ಅಲ್ಲಿಗೇ ಹೋಗಿ ಇದು ಅನ್ಯಾಯ ಅಂದ. ಪತ್ರಿಕೆಗಳು ಅವನನ್ನೇ ದುಡ್ಡಿನಾಸೆಯವನು ಅಂತ ಬೈದವು. ಹೊರದೇಶದ ಲೇಖಕರಿಗೆ ಅಲ್ಲಿ ಹಕ್ಕು ಸಿಕ್ಕದ್ದು 1891ರಲ್ಲಿ. ನೂರು ವರ್ಷ ಪರರ ಪುಸ್ತಕದ ನಕಲು ಓದಿ ಬೆಳೆದ ದೇಶ ಅದು!

ಅದೇ ದೇಶದಲ್ಲಿ 1991ರಲ್ಲಿ ಏನಾಯ್ತು? ಪುಸ್ತಕಗಳ ಅಧ್ಯಾಯಗಳನ್ನು ಜೆರಾಕ್ಸ್ ಮಾಡಿ, ಬೈಂಡ್ ಹಾಕಿ ವಿದ್ಯಾರ್ಥಿಗಳಿಗೆ ಮಾರುತ್ತಿದ್ದ ಕಿಂಕೋಸ್ ಕಂಪನಿ ತಪ್ಪಿತಸ್ಥ ಅಂತ ನ್ಯೂಯಾರ್ಕಿನ ನ್ಯಾಯಾಲಯ ತೀರ್ಪು ಕೊಟ್ಟಿತು.

ನಮ್ಮಲ್ಲೂ ಅಂಥದೇ ದಾವೆ ಬಂತು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳು ದೆಹಲಿ ವಿಶ್ವವಿದ್ಯಾಲಯದ ಮೇಲೂ ಅದರ ಆವರಣದ ರಾಮೇಶ್ವರಿ ಜೆರಾಕ್ಸ್ ಅಂಗಡಿ ಮೇಲೂ ಕೋರ್ಟಿಗೆ ಹೋದವು. ವಿದ್ಯಾರ್ಥಿಗಳು ಸುಮ್ಮನೆ ಕೂರಲಿಲ್ಲ. ಸಂಘ ಕಟ್ಟಿಕೊಂಡು ತಾವೂ ದಾವೆಯೊಳಗೆ ಬಂದರು. 1957ರ ನಮ್ಮ ಕಾಯಿದೆಯ 52ನೇ ಸೆಕ್ಷನ್, ಪಾಠಕ್ಕಾಗಿ ಮೇಷ್ಟ್ರು, ವಿದ್ಯಾರ್ಥಿ ಮಾಡುವ ನಕಲನ್ನು ಅಪರಾಧ ಅನ್ನೋದಿಲ್ಲ. ಕಾಪಿರೈಟ್ ದೇವರು ಕೊಟ್ಟ ಹಕ್ಕೇನಲ್ಲ ಅಂತ ಹೈಕೋರ್ಟು 2016ರ ಸೆಪ್ಟೆಂಬರಿನಲ್ಲಿ ದಾವೆ ವಜಾ ಮಾಡಿತು. ಡಿಸೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ, ಪಾಠಕ್ಕೆ ಎಷ್ಟು ಬೇಕೋ ಅಷ್ಟು ನಕಲು ಮಾಡಬಹುದು ಅಂದು, ಉಳಿದ ವಿಚಾರಣೆಗೆ ಕಡತ ವಾಪಸು ಕಳಿಸಿತು. 2017ರಲ್ಲಿ ಪ್ರಕಾಶಕರೇ ದಾವೆ ಹಿಂತೆಗೆದರು.

ಕೆಲಸ ಒಂದೇ. ಅಲ್ಲಿ ತಪ್ಪು, ಇಲ್ಲಿ ಸರಿ. ಹಾಗಾದರೆ ನೀತಿಯನ್ನು ಕಾಯಿದೆಯ ಪುಸ್ತಕದಲ್ಲಷ್ಟೇ ಹುಡುಕಿ ಸಾಲದು. ಈ ನಕಲಿನಿಂದ ಯಾರ ಹೊಟ್ಟೆಗೆ ಪೆಟ್ಟು, ಯಾರ ಕಣ್ಣಿಗೆ ಬೆಳಕು ಅಂತ ಕೇಳಬೇಕು. ಲೈಬ್ರರಿಯಲ್ಲಿ ಒಂದೇ ಪ್ರತಿ ಇರುವ ದುಬಾರಿ ಪುಸ್ತಕದ ಇಪ್ಪತ್ತು ಪುಟ, ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿಯ ಕೈಸೇರಿದರೆ ಅದು ಓದು. ಸಾಲ ಮಾಡಿ ಐನೂರು ಪ್ರತಿ ಅಚ್ಚು ಹಾಕಿಸಿದ ಕವಿಯ ಸಂಕಲನವನ್ನು ಯಾವನೋ ನಕಲು ಹೊಡೆದು ಫುಟ್‌ಪಾತಿನಲ್ಲಿ ಮಾರಿದರೆ ಅದು ಹಸಿದವನ ತಟ್ಟೆಗೆ ಕೈ ಹಾಕಿದ ಹಾಗೆ. ಎರಡನ್ನೂ ಕಳ್ಳತನ ಅನ್ನೋದು ಉಳ್ಳವರ ಲೆಕ್ಕ. ಎರಡನ್ನೂ ಸರಿ ಅನ್ನೋದು ನಮ್ಮ ಸೋಮಾರಿತನ.

ಹಳ್ಳಿಯ ಮೇಷ್ಟ್ರುಗಳೆ, ಆ 52ನೇ ಸೆಕ್ಷನ್ನನ್ನು ಒಮ್ಮೆ ಓದಿ. ಮಕ್ಕಳಿಗೂ ಓದಿಸಿ.