ಮದುವೆಗೆ ಮುನ್ನ ಕಾನೂನು ಕೇಳುವ ಪ್ರಶ್ನೆ

ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಮದುವೆಯಾಗಬೇಕೆಂದರೆ ಮೊದಲು ಸರ್ಕಾರದ ಪರವಾನಗಿ ಪಡೆಯಬೇಕು. ಅಲ್ಲಿನ ಶಾಸನಸಭೆ 1998ರಲ್ಲಿ ಒಂದು ವಿಚಿತ್ರ ಕಾಯ್ದೆ ಮಾಡಿತು. ಗಂಡು ಹೆಣ್ಣು ಇಬ್ಬರೂ ಕನಿಷ್ಠ ನಾಲ್ಕು ಗಂಟೆಯ ವಿವಾಹಪೂರ್ವ ಶಿಕ್ಷಣ ಪಡೆದಿದ್ದರೆ ಪರವಾನಗಿ ಶುಲ್ಕದಲ್ಲಿ ರಿಯಾಯಿತಿ. ಪಡೆಯದ ಸ್ಥಳೀಯರು ಮೂರು ದಿನ ಕಾಯಬೇಕು. ಮನೆಯ ಹಣಕಾಸು, ಮಕ್ಕಳ ಪಾಲನೆ, ಜಗಳ ಬಗೆಹರಿಸಿಕೊಳ್ಳುವ ಬಗೆ ಇವು ಪಾಠದ ವಿಷಯಗಳು. ಮದುವೆಗೂ ಒಂದು ಪಾಠವೇ ಎಂದು ನಮ್ಮ ಹಿರಿಯರು ನಕ್ಕಾರು. ಆದರೆ ಮದುವೆಗೆ ಮುನ್ನ ನಮ್ಮ ಕಾನೂನು ಏನನ್ನು ಕೇಳುತ್ತ ಬಂದಿದೆ? ರಾಯಚೂರಿನ ಮಟ್ಟಿಗೆ ಬಹುಕಾಲ ಅದು ಕೇಳಿದ್ದು ಒಂದೇ ಪ್ರಶ್ನೆ, ವಯಸ್ಸು ಎಷ್ಟು? ಆ ಪ್ರಶ್ನೆಯೂ ಇಲ್ಲಿಗೆ ತಡವಾಗಿಯೇ ಬಂತು.

ಹಳೆಯ ಮೈಸೂರು ಸಂಸ್ಥಾನ 1894ರಲ್ಲೇ ಶಿಶುವಿವಾಹ ತಡೆಯುವ ನಿಬಂಧನೆ ಜಾರಿಗೆ ತಂದಿತ್ತು. ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆ ಕೂಡದು. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗಕೂಡದು. ಇಂದು ಓದಿದರೆ ಮೈ ಜುಮ್ಮೆನ್ನುವ ಅಂಕಿಗಳು, ಆದರೆ ಆ ಕಾಲಕ್ಕೆ ಅದೇ ದೊಡ್ಡ ಸುಧಾರಣೆ. ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾಯ್ದೆ 1930ರ ಏಪ್ರಿಲ್‌ನಿಂದ ಜಾರಿಗೆ ಬಂದು, ಹುಡುಗಿಗೆ 14, ಹುಡುಗನಿಗೆ 18 ಎಂದು ಗೆರೆ ಎಳೆಯಿತು.

ರಾಯಚೂರು ದೋಆಬನ್ನು ನಿಜಾಮ 1853ರಲ್ಲಿ ಬ್ರಿಟಿಷರಿಗೆ ಒಪ್ಪಿಸಿದ್ದ. ಅವರು ಅದನ್ನು 1860ರಲ್ಲಿ ಅವನಿಗೇ ಮರಳಿಸಿದರು. ಈ ಕೊಡುಕೊಳ್ಳುವಿಕೆಯ ಫಲ ಎಪ್ಪತ್ತು ವರ್ಷದ ನಂತರ ಕಂಡಿತು. ಮಾನ್ವಿ ಸೀಮೆಯ ದಂಡೆಯಲ್ಲಿ ನಿಂತು ನೋಡಿ. ತುಂಗಭದ್ರೆಯ ಆಚೆ ಸಿರುಗುಪ್ಪ, ಅಂದಿನ ಮದ್ರಾಸ್ ಪ್ರಾಂತ್ಯ, ಅಲ್ಲಿ ಶಾರದಾ ಕಾಯ್ದೆ. ಈಚೆ ನಿಜಾಮನ ರಾಜ್ಯ, ಇಲ್ಲಿಗೆ ಆ ಕಾಯ್ದೆ ಅನ್ವಯವಿಲ್ಲ. ಎರಡೂ ದಂಡೆಯ ನಡುವೆ ಹೆಣ್ಣು ಕೊಟ್ಟು ತರುವ ಸಂಬಂಧಗಳಿದ್ದವು. ಹುಡುಗಿಯ ವಯಸ್ಸು ಅಪರಾಧವೋ ಅಲ್ಲವೋ ಎಂಬುದು ಚಪ್ಪರ ಯಾವ ದಂಡೆಯಲ್ಲಿ ಹಾಕಿದ್ದಾರೆ ಎಂಬುದರ ಮೇಲೆ ನಿಂತಿತ್ತು. ಹೈದರಾಬಾದ್ 1948ರಲ್ಲಿ ಭಾರತಕ್ಕೆ ಸೇರಿದ ಮೇಲಷ್ಟೇ ಈ ಅಂತರ ಅಳಿಯಿತು. 1978ರ ತಿದ್ದುಪಡಿ ವಯಸ್ಸನ್ನು 18 ಮತ್ತು 21ಕ್ಕೆ ಏರಿಸಿತು.

ಕಾಗದದ ಮೇಲೆ ಏರಿದ ವಯಸ್ಸು ಊರಿನಲ್ಲಿ ಏರಿತೆ? ದೇವದುರ್ಗದ ಕಡೆಯಿಂದ ದುಡಿಯಲು ಗುಳೆ ಹೋಗುವ ಕುಟುಂಬಗಳನ್ನು ಕೇಳಬೇಕು. ಬೆಳೆದ ಹುಡುಗಿಯನ್ನು ಊರಲ್ಲಿ ಬಿಡಲಾರದ, ಜೊತೆಗೊಯ್ಯಲಾರದ ತಂದೆತಾಯಿಗೆ ಮದುವೆಯೇ ಸುಲಭದ ದಾರಿಯಾಗಿ ಕಾಣುತ್ತದೆ. ಇದಕ್ಕೆ ಅಜ್ಞಾನ ಎಂಬ ಒಂದೇ ಹೆಸರು ಸಾಲದು. ಹೈಕೋರ್ಟಿನ ನಿರ್ದೇಶನದ ಮೇರೆಗೆ ಬಾಲ್ಯವಿವಾಹ ತಡೆಯ ಬಗೆಗೆ ರಚನೆಯಾದ ಸಮಿತಿಗೆ ಅಧ್ಯಕ್ಷರಾಗಿದ್ದವರು ರಾಯಚೂರು ಜಿಲ್ಲೆಯವರೇ ಆದ, ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲರು. ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಕೇಂದ್ರದ 2006ರ ಕಾಯ್ದೆಯಲ್ಲಿ ಬಾಲ್ಯವಿವಾಹ ತಾನಾಗಿ ಅಸಿಂಧುವಲ್ಲ. ಬಾಲ್ಯದಲ್ಲಿ ಮದುವೆಯಾದವರೇ ಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕು. ಕರ್ನಾಟಕ 2016ರ ತಿದ್ದುಪಡಿಯಿಂದ ಅಂಥ ಮದುವೆ ಆರಂಭದಿಂದಲೇ ಅಸಿಂಧು ಎಂದಿತು. ಅಕ್ಷಯ ತೃತೀಯದಂಥ ದಿನಗಳಲ್ಲಿ ಸಾಮೂಹಿಕ ಬಾಲ್ಯವಿವಾಹ ತಡೆಯಲು ಜಿಲ್ಲಾಧಿಕಾರಿಯೇ ನಿಷೇಧಾಧಿಕಾರಿ. ಇಲ್ಲಿಯೂ ನೋಡುವುದು ಶಾಲೆಯ ದಾಖಲೆಯ ಜನ್ಮದಿನಾಂಕವನ್ನೇ.

ಇನ್ನು ವಯಸ್ಸು ತುಂಬಿದವರ ಮಾತು. ಹಿರಿಯರು ನೋಡಿ ಶಾಸ್ತ್ರದಂತೆ ಮಾಡುವ ಹಿಂದೂ ಮದುವೆಗೆ ಕಾನೂನು ಒಂದು ದಿನವೂ ಕಾಯಿಸುವುದಿಲ್ಲ. ಅಕ್ಕಿಕಾಳು ಬಿದ್ದ ಮೇಲೆ ನೋಂದಣಿ. ಕಾಯಬೇಕಾದವರು 1954ರ ವಿಶೇಷ ವಿವಾಹ ಕಾಯ್ದೆಯಡಿ ಬರುವವರು, ಹೆಚ್ಚಾಗಿ ಜಾತಿ ಧರ್ಮ ದಾಟಿದವರು. ಅದರ ಹಿಂದಿನ 1872ರ ಕಾಯ್ದೆಯಲ್ಲಿ ಹದಿನಾಲ್ಕು ದಿನದ ನೋಟಿಸು. 1954ರಲ್ಲಿ ಅದು ಮೂವತ್ತು ದಿನವಾಯಿತು. ಮೂರು ಭಾನುವಾರ ಇಗರ್ಜಿಯಲ್ಲಿ ಹೆಸರು ಕೂಗಿ ಆಕ್ಷೇಪ ಕೇಳುವ ಕ್ರೈಸ್ತರ ಹಳೆಯ ಪದ್ಧತಿಯನ್ನು ಇದು ನೆನಪಿಸುತ್ತದೆ. ಆದರೆ ಇಗರ್ಜಿಯಲ್ಲಿ ಕೇಳುವವರು ಸಭೆಯವರು. ಕಚೇರಿಯ ಹಲಗೆಗೆ ಅಂಟಿಸಿದ ನೋಟಿಸನ್ನು ಓದಿ ಓಡುವವರು ಹುಡುಗಿಯ ಅಣ್ಣಂದಿರು. ಅಲಹಾಬಾದ್ ಹೈಕೋರ್ಟ್ 2021ರಲ್ಲಿ, ಜೋಡಿ ಒಪ್ಪದಿದ್ದರೆ ನೋಟಿಸು ಪ್ರಕಟಿಸಬೇಕಿಲ್ಲ ಎಂದದ್ದು ಇದೇ ಕಾರಣಕ್ಕೆ. ಆ ಮೂವತ್ತು ದಿನದಲ್ಲಿ ಅವರಿಬ್ಬರಿಗೆ ಸಂಸಾರದ ಬಗೆಗೆ ಯಾರೂ ಏನನ್ನೂ ಹೇಳುವುದಿಲ್ಲ.

ಹೇಳುವ ಏರ್ಪಾಡು ನಮ್ಮಲ್ಲಿ ಇಲ್ಲವೆಂದಲ್ಲ. 1984ರ ಕುಟುಂಬ ನ್ಯಾಯಾಲಯ ಕಾಯ್ದೆ ಆಪ್ತಸಮಾಲೋಚಕರ ನೇಮಕಕ್ಕೆ ಅವಕಾಶ ಕೊಟ್ಟಿದೆ. ಗಂಡಹೆಂಡತಿಯನ್ನು ಎದುರು ಕೂರಿಸಿ ಖರ್ಚುವೆಚ್ಚ, ಅತ್ತೆಯ ಮಾತು, ಮಕ್ಕಳ ಓದು ಎಲ್ಲವನ್ನೂ ಅವರು ಸಾವಧಾನವಾಗಿ ವಿಚಾರಿಸುತ್ತಾರೆ. ಫ್ಲಾರಿಡಾದ ಪಾಠಪಟ್ಟಿಯಲ್ಲಿರುವುದೂ ಬಹುಪಾಲು ಇವೇ. ವಿಚ್ಛೇದನದ ಅರ್ಜಿ ಬಿದ್ದ ಮೇಲೆ ಮಾತ್ರ ಅವರ ಕೋಣೆಯ ಬಾಗಿಲು ತೆರೆಯುತ್ತದೆ.