‘ನಾವು’ ಎಂಬ ಮಾತಿನ ಋಣ

ನೂರು ವರ್ಷಗಳ ಚರಿತ್ರೆಯನ್ನು ಬರೆಯಲು ಕುಳಿತಾಗ ಲೇಖನಿ ತಾನಾಗಿಯೇ ‘ನಾವು ಈ ದೇವಾಲಯವನ್ನು ಕಟ್ಟಿದೆವು’ ಎಂದು ಬರೆದುಬಿಡುತ್ತದೆ. ಅಂದು ಕಲ್ಲು ಹೊತ್ತವರು ನಾವಲ್ಲ. ಹೊತ್ತವರಾರೂ ಇಂದು ನಮ್ಮೊಡನಿಲ್ಲ. ಆದರೂ ಆ ಮಾತು ಸುಳ್ಳೆಂದು ಯಾರಿಗೂ ತೋರುವುದಿಲ್ಲ. ಹಾಗಾದರೆ ‘ನಾವು’ ಎಂಬುದು ಅನೇಕ ‘ನಾನು’ಗಳ ಮೊತ್ತ ಮಾತ್ರವೇ? ಕಳೆದ ಶತಮಾನದಲ್ಲಿ ಈ ಪ್ರಶ್ನೆಯನ್ನು ಆಳವಾಗಿ ವಿಚಾರಿಸಿದವರಲ್ಲಿ ನಮ್ಮ ಧರ್ಮಸಭೆಯ ಸಂತರೊಬ್ಬರಿದ್ದಾರೆ.

ಎಡಿತ್ ಸ್ಟೈನ್ 1891ರಲ್ಲಿ ಅಂದಿನ ಜರ್ಮನಿಯ ಬ್ರೆಸ್ಲೌ ನಗರದ ಯೆಹೂದಿ ಮನೆತನವೊಂದರಲ್ಲಿ ಜನಿಸಿದರು. ತತ್ತ್ವಜ್ಞಾನಿ ಹುಸರ್ಲರ ಶಿಷ್ಯೆಯೂ ಸಹಾಯಕಿಯೂ ಆಗಿದ್ದರು. 1922ರ ಜನವರಿ 1ರಂದು ಅವರು ದೀಕ್ಷಾಸ್ನಾನ ಪಡೆದರು. ಅದೇ ವರ್ಷ ವ್ಯಕ್ತಿ ಮತ್ತು ಸಮುದಾಯವನ್ನು ಕುರಿತ ಅವರ ಪ್ರಬಂಧ ಅಚ್ಚಾಯಿತು. ಅದರಲ್ಲಿ ಬರುವ ದೃಷ್ಟಾಂತವಿದು: ಸೇನಾತುಕಡಿಯೊಂದು ತನ್ನ ನಾಯಕನನ್ನು ಕಳೆದುಕೊಂಡು ಶೋಕಿಸುತ್ತಿದೆ. ಪ್ರತಿಯೊಬ್ಬ ಸೈನಿಕನ ದುಃಖವೂ ಅವನವನದೇ. ಆದರೆ ಅವನು ಮರುಗುವುದು ತನ್ನೊಬ್ಬನ ನಷ್ಟಕ್ಕಲ್ಲ, ‘ನಮ್ಮ’ ನಷ್ಟಕ್ಕೆ. ಒಬ್ಬನಲ್ಲಿ ಶೋಕ ಹೆಚ್ಚು, ಇನ್ನೊಬ್ಬನಲ್ಲಿ ಕಡಿಮೆ, ಮತ್ತೊಬ್ಬನಲ್ಲಿ ಏನೂ ಇಲ್ಲದಿರಬಹುದು. ಆದರೆ ಒಬ್ಬನೇ ಒಬ್ಬನು ಆ ನಷ್ಟವನ್ನು ಅದಕ್ಕೆ ತಕ್ಕಂತೆ ಅನುಭವಿಸಿದರೂ ಅವನು ತುಕಡಿಯ ಹೆಸರಿನಲ್ಲಿ ಅನುಭವಿಸಿದಂತೆ. ಅವನ ಮೂಲಕ ತುಕಡಿಯ ಋಣ ಸಂದಂತೆ ಎಂಬುದು ಸ್ಟೈನರ ಮತ. ಅವರ ಗುರು ಆಡಾಲ್ಫ್ ರೈನಾಕ್ 1917ರಲ್ಲಿ ರಣರಂಗದಲ್ಲಿ ಮಡಿದಿದ್ದರು. ಈ ದೃಷ್ಟಾಂತದಲ್ಲಿ ಆ ನೆನಪಿನ ನೆರಳಿರಬೇಕೆಂದು ನಮ್ಮ ಊಹೆ.

1990ರಲ್ಲಿ ಬೇರೆ ದಾರಿಯಿಂದ ಇಬ್ಬರು ಈ ವಿಷಯಕ್ಕೆ ಬಂದರು. ಮಳೆ ಬಂತೆಂದು ಉದ್ಯಾನದಲ್ಲಿದ್ದವರೆಲ್ಲ ಒಂದೇ ಸೂರಿನೆಡೆಗೆ ಓಡಿದರೆ ಅದು ಕೂಡಿ ಮಾಡಿದ ಕಾರ್ಯವಲ್ಲ. ಅದೇ ಓಟ ನೃತ್ಯಪ್ರದರ್ಶನದ ಅಂಗವಾದರೆ ಸಂಕಲ್ಪ ‘ನಮ್ಮದು’ ಎಂದರು ಜಾನ್ ಸರ್ಲ್. ಜೊತೆಯಲ್ಲಿ ನಡೆಯಲು ಒಪ್ಪಿದ ಇಬ್ಬರಲ್ಲಿ ಒಬ್ಬನು ಹೇಳದೆ ಮುಂದೆ ಸಾಗಿದರೆ ಆಕ್ಷೇಪಿಸುವ ಹಕ್ಕು ಇನ್ನೊಬ್ಬನಿಗುಂಟು ಎಂದರು ಮಾರ್ಗರೆಟ್ ಗಿಲ್ಬರ್ಟ್. ಹಬ್ಬದ ದಿನ ತೇರಿನ ಹಗ್ಗ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ಟೈನ್ 1933ರಲ್ಲಿ ಕಾರ್ಮೆಲ್ ಸಭೆಯನ್ನು ಸೇರಿದರು. 1938ರ ಕೊನೆಯಲ್ಲಿ ಹಾಲೆಂಡಿನ ಎಖ್ಟ್ ಮಠಕ್ಕೆ ಹೋದರು. ಹಾಲೆಂಡು ನಾಜಿಗಳ ವಶವಾದ ಬಳಿಕ, 1942ರ ಜುಲೈ 26ರಂದು ಅಲ್ಲಿನ ಧರ್ಮಾಧ್ಯಕ್ಷರು ಯೆಹೂದಿಗಳ ಗಡೀಪಾರನ್ನು ಪ್ರತಿಭಟಿಸುವ ಪತ್ರವನ್ನು ಕಥೋಲಿಕ ದೇವಾಲಯಗಳಲ್ಲಿ ಓದಿಸಿದರು. ಒಂದು ಸಭೆ ಒಂದೇ ಬಾಯಾಗಿ ಆಡಿದ ಮಾತದು. ಬರೆದವರು ಧರ್ಮಾಧ್ಯಕ್ಷರು, ಓದಿದವರು ಗುರುಗಳು, ಕೇಳಿದವರು ಜನ. ಪ್ರತೀಕಾರವೆರಗಿದ್ದು ಮಾತ್ರ ಯೆಹೂದಿ ಮೂಲದ ಕಥೋಲಿಕರ ಮೇಲೆ. ಮಾತನಾಡಿದ್ದು ತಪ್ಪೆನ್ನಲು ನಮ್ಮಿಂದಾಗದು. ಬೆಲೆ ತೆತ್ತವರು ಬೇರೆ ಎಂಬುದನ್ನು ಮರೆಯಲೂ ಆಗದು. ಆಗಸ್ಟ್ 2ರಂದು ಸ್ಟೈನ್ ಮತ್ತು ಅವರ ಅಕ್ಕ ರೋಜಾರನ್ನು ಬಂಧಿಸಲಾಯಿತು. ಆಗಸ್ಟ್ 9ರಂದು ಔಷ್ವಿತ್ಸ್ ಶಿಬಿರದಲ್ಲಿ ಕೊಲ್ಲಲಾಯಿತು.

1998ರ ಅಕ್ಟೋಬರ್ 11ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಸ್ಟೈನರಿಗೆ ಸಂತ ಪದವಿಯನ್ನಿತ್ತರು. ಯೆಹೂದಿಯೆಂಬ ಕಾರಣಕ್ಕಾಗಿಯೇ ಪ್ರಾಣ ಕಳೆದುಕೊಂಡ ಆಕೆಯನ್ನು ಕಥೋಲಿಕರು ‘ನಮ್ಮವರು’ ಎನ್ನುವುದು ಹೇಗೆಂದು ಯೆಹೂದಿ ಬಾಂಧವರಲ್ಲಿ ಹಲವರು ಆಗ ಕೇಳಿದರು.